ಕಾಡು ಒಂದೇ ಸಲ ಕೂಗುತ್ತದೆ

ನಮ್ಮ ತೋಟದ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓ ಎನ್ನುವಂತಿರಲಿಲ್ಲ. ಎರಡನೆಯ ಕೂಗು ಬರುವವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕಿತ್ತು. ಇದು ಅಜ್ಜಿಯ ಕಟ್ಟಳೆ. ಅಪ್ಪನ ತಾಯಿಯಾದ ಅವಳು ಆ ಮನೆಗೆ ಸೊಸೆಯಾಗಿ ಬಂದ ಕಾಲದಿಂದ ಇದನ್ನು ಪಾಲಿಸಿಕೊಂಡು ಬಂದಿದ್ದಳು. ಹಗಲು ಯಾರು ಎಷ್ಟು ಕೂಗಿದರೂ, ಹೇಗೆ ಓಗೊಟ್ಟರೂ ಅಡ್ಡಿಯಿರಲಿಲ್ಲ. ದೇವರ ಗೂಡಿನ ಮುಂದೆ ದೀಪ ಹೊತ್ತಿತೆಂದರೆ ಮನೆಯ ಕಿವಿಗಳೇ ಬದಲಾಗುತ್ತಿದ್ದವು. ಅಂಗಳದಲ್ಲಿ ನಿಂತು ಅಪ್ಪನೇ ಕೂಗಿದರೂ ನಾವು ಒಳಗೆ ಮುಖ ಮುಖ ನೋಡಿಕೊಂಡು ಕೂತಿರುತ್ತಿದ್ದೆವು. ಇನ್ನೊಂದು ಸಲ ಕೂಗಿದ ಮೇಲೆಯೇ ಅಜ್ಜಿ ಗಂಟಲು ಸರಿಮಾಡಿಕೊಂಡು ಓ ಎನ್ನುತ್ತಿದ್ದಳು. ಆಮೇಲೆ ನಾನು ಓಡಿಹೋಗಿ ಅಗುಳಿ ತೆಗೆಯುತ್ತಿದ್ದೆ.

ಸಿ.ಎಸ್. ಪುರದಲ್ಲಿ ಬಸ್ಸಿಳಿದು ಒಳದಾರಿ ಹಿಡಿದರೆ ರಾಗಿ ಹೊಲಗಳು ಮುಗಿದು, ತೆಂಗಿನ ಸಾಲುಗಳೂ ತೆಳ್ಳಗಾಗಿ, ಹೊಂಗೆ, ಕಗ್ಗಲಿ, ಲಂಟಾನಗಳ ಕುರುಚಲು ಕಾಡು ಶುರುವಾಗುವ ಕಡೆ ನಮ್ಮ ಮನೆ ಇತ್ತು. ಕಾಡು ಎಂದರೆ ದಟ್ಟ ಕಾಡಲ್ಲ. ಗುಡ್ಡದಿಂದ ಇಳಿದು ಬಂದು ನಮ್ಮ ಹಿತ್ತಿಲ ಕಲ್ಲುಗೋಡೆಯ ಆಚೆ ಕುಕ್ಕರುಗಾಲಲ್ಲಿ ಕೂತಂಥ ಕಾಡು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇನ್ನೊಂದು ಮನೆ ಇರಲಿಲ್ಲ. ಆ ಜಾಗದ ಮೌನ ಹೇಗಿತ್ತೆಂದರೆ ತೋಟದಲ್ಲಿ ಒಣಗರಿ ಬಿದ್ದರೆ, ಅದು ಯಾವ ಸಾಲಿನ ಮರದ್ದೆಂದು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಅಮ್ಮ ಹೇಳುತ್ತಿದ್ದಳು. ಅಪ್ಪ ಕುಣಿಗಲ್ಲಿಗೂ ಗುಬ್ಬಿಗೂ ಓಡಾಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವನ ಬಸ್ಸು ದೊಡ್ಡ ರಸ್ತೆಯಲ್ಲಿ ಹಾಯುವಾಗ ಡ್ರೈವರು ನಮಗಾಗಿ ಹಾರನ್ ಒತ್ತುತ್ತಿದ್ದ. ದಿನವಿಡೀ ಹೊರಗಿನ ಲೋಕದಿಂದ ನಮಗೆ ಬರುತ್ತಿದ್ದ ಮಾತು ಅದೊಂದೇ. ನಡುಮನೆಯಲ್ಲಿ ಅಜ್ಜಿ, ಅಡುಗೆಮನೆಯಲ್ಲಿ ಅಮ್ಮ, ಎರಡರ ನಡುವಿನ ಹೊಸ್ತಿಲ ಮೇಲೆ ನಾನು. ಉಳಿದದ್ದೆಲ್ಲ ಗೋಡೆ, ಹೊಗೆ ಮತ್ತು ಕೊಟ್ಟಿಗೆಯ ವಾಸನೆ.

ಅಮ್ಮ ಗೂಳೂರಿನವಳು. ಅಲ್ಲಿ ಗೋಡೆಗೆ ಗೋಡೆ ಅಂಟಿಸಿಕೊಂಡ ಮನೆಗಳು. ಒಂದು ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು. ಅಂಥ ಊರಿಂದ ಬಂದ ಅವಳ ದನಿ ದೊಡ್ಡದು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ತೋಟದ ಮೌನಕ್ಕೆ ಹೆದರಿ ಅವಳು ಕೋಳಿಗಳ ಜೊತೆಯೂ ಗಟ್ಟಿಯಾಗಿ ಮಾತಾಡುತ್ತಿದ್ದಳಂತೆ. ನನಗೆ ನೆನಪಿರುವ ಅಮ್ಮನೂ ಹಾಗೆಯೇ. ಊಟಕ್ಕೆ ಕೂಗಿದಳೆಂದರೆ ಹಿತ್ತಿಲ ಗೋಡೆಯಾಚೆ ಕೌಜುಗದ ಹಕ್ಕಿಗಳು ಹಾರುತ್ತಿದ್ದವು. ಅತ್ತೆಯ ಕಟ್ಟಳೆಯನ್ನು ಅವಳು ಪಾಲಿಸುತ್ತಿದ್ದಳು, ಆದರೆ ಬಾಯಿ ಮುಚ್ಚಿಕೊಂಡಲ್ಲ.

“ದೆವ್ವುಕ್ಕೆ ಲೆಕ್ಕ ಬರಲ್ವೇನತ್ತೆ? ಎರಡನೇ ಸಲ ಕೂಗ್ಬೇಕು ಅಂತ ಅದುಕ್ಕೆ ಗೊತ್ತಾಗಲ್ವಾ?”

“ನಿಮ್ ಗೂಳೂರ್ ದೆವ್ವ ಓದಿರ್ಬೋದು ಕಣವ್ವ. ನಮ್ ಕಾಡಿಂದು ಇಸ್ಕೂಲಿಗೆ ಹೋಗಿಲ್ಲ.”

“ನಮ್ಮೂರಲ್ಲಿ ಒಂದ್ಸಲ ಕೂಗಿದ್ರೆ ನಾಕ್ ಮನೆಯೋರು ಓ ಅಂತಿದ್ರು.”

“ಅದುಕ್ಕೇ ನಿಮ್ಮೂರೋರ್ ಯಾರೂ ಯಾರ್ ಮಾತೂ ಕೇಳಲ್ಲ.”

ಇಂಥ ಮಾತಿಗೆ ಇಬ್ಬರೂ ನಗುತ್ತಿದ್ದರು. ಅಜ್ಜಿ ನಕ್ಕರೆ ಹಣೆಯ ವಿಭೂತಿ ಉದುರಿ ಮೂಗಿನ ಮೇಲೆ ಬೀಳುತ್ತಿತ್ತು. ಆದರೆ ಆ ಕಟ್ಟಳೆ ಎಲ್ಲಿಂದ ಬಂತು ಎಂದು ಕೇಳಿದರೆ ನಗು ನಿಲ್ಲುತ್ತಿತ್ತು. ಅಜ್ಜಿ ಹೊಸ ಸೊಸೆಯಾಗಿದ್ದಾಗ ಒಂದು ಸಂಜೆ ಅವಳ ಮೈದುನ ಊಟಕ್ಕೆ ಕೂತಿದ್ದನಂತೆ. ಹೊರಗೆ ಯಾರೋ ಅವನ ಹೆಸರು ಕೂಗಿದರು. ಒಂದೇ ಸಲ. ಅವನು ಓ ಬಂದೆ ಎಂದು ಕೈ ತೊಳೆಯದೆ ಎದ್ದುಹೋದ. ಮಾರನೆಯ ದಿನ ಗುಡ್ಡದ ಬುಡದ ಹಳ್ಳದಲ್ಲಿ ಅವನ ಹೆಣ ಸಿಕ್ಕಿತು. ಕೂಗಿದ್ದು ನಾನು ಎಂದು ಊರಿನ ಯಾರೂ ಒಪ್ಪಲಿಲ್ಲ.

“ತಟ್ಟೇಲಿ ಮುದ್ದೆ ಮುರ್ದಿದ್ದ, ಅದು ಹಂಗೇ ಇತ್ತು,” ಎಂದು ಅಜ್ಜಿ ಪ್ರತಿಸಲವೂ ಕಥೆಯನ್ನು ಅಲ್ಲಿಗೇ ತಂದು ನಿಲ್ಲಿಸುತ್ತಿದ್ದಳು. “ಕಾಡು ಒಂದೇ ಕಿತ ಕೂಗೋದು ಮಗ. ಮನ್ಸ್ಯರಾದ್ರೆ ಇನ್ನೊಂದ್ ಕಿತ ಕೂಗ್ತಾರೆ.”

ನನಗೆ ಅದು ಗುಣಾಕಾರದ ಮಗ್ಗಿಯಷ್ಟೇ ನಿಜವಾಗಿತ್ತು. ಶಾಲೆಯಲ್ಲಿ ಗೆಳತಿಯರು ಕರೆದರೂ ಎರಡನೆಯ ಸಲಕ್ಕೆ ಕಾದು ತಿರುಗುತ್ತಿದ್ದೆ. ಕಿವುಡಿ ಎಂದು ಅಡ್ಡಹೆಸರು ಇಟ್ಟಿದ್ದರು.

ಆ ದಿನ ನಮ್ಮ ಹಸು ಕೆಂಪಿ ಕರು ಹಾಕಿತ್ತು. ಮಧ್ಯಾಹ್ನ ಶಾಲೆಯಿಂದ ಬಂದಾಗ ಕೊಟ್ಟಿಗೆಯಲ್ಲಿ ಕರು ನಿಲ್ಲಲು ಹೋಗಿ ಮುಗ್ಗರಿಸುತ್ತಿತ್ತು, ಅಮ್ಮ ಅದರ ಮೈಯನ್ನು ಹುಲ್ಲಿನಿಂದ ತಿಕ್ಕುತ್ತಿದ್ದಳು. ಅತ್ತೆ ಸೊಸೆಯರ ಜಗಳ ಆಗಲೇ ಶುರುವಾಗಿತ್ತು. ಕರುವಿನ ಹಿಂದೆ ಬೀಳುವ ಮಾಸನ್ನು ನಮ್ಮ ಕಡೆ ಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ಆಲವೋ ಗೋಣಿಯೋ, ಒಟ್ಟಿನಲ್ಲಿ ಹಾಲು ಬರುವ ಮರದ ಕೊಂಬೆಗೆ ಕಟ್ಟುತ್ತಾರೆ. ಹಾಗೆ ಮಾಡಿದರೆ ಹಸುವಿನ ಕೆಚ್ಚಲು ಬತ್ತುವುದಿಲ್ಲ ಎಂದು ನಂಬಿಕೆ. ನಮ್ಮ ಹಿತ್ತಿಲ ಗೋಡೆಗೆ ಒರಗಿಕೊಂಡು ಒಂದು ಗೋಣಿಮರ ಇತ್ತು. ಕೊಟ್ಟಿಗೆಯಿಂದ ಕೈ ಚಾಚಿದಷ್ಟು ಹತ್ತಿರ. ಕೆಲವು ದಿನಗಳಿಂದ ನಮ್ಮ ನಾಯಿ ಕಾಣೆಯಾಗಿತ್ತು. ಗುಡ್ಡದ ಕಡೆ ಚಿರತೆ ಓಡಾಡುತ್ತಿದೆ ಎಂದು ಬಸ್ಸಿನಲ್ಲಿ ಜನ ಮಾತಾಡಿಕೊಂಡಿದ್ದನ್ನು ಅಪ್ಪ ಹೇಳಿದ್ದ.

“ಗುಂಡಿ ತೋಡಿ ಹೂತ್ಬುಡಾಣ ಅತ್ತೆ. ವಾಸ್ನೆಗೆ ಏನಾರ ಬಂದಾತು.”

“ಹೂತ್ರೆ ಹಾಲೂ ಮಣ್ಣಿಗೇ ಹೋಯ್ತದೆ. ನಾನ್ ಬಂದಾಗಿಂದ ಈ ಮರುಕ್ಕೇ ಕಟ್ಟಿರೋದು. ಯಾವ್ದು ಬಂದಿತ್ತು?”

“ಆಗ ನಾಯಿ ಇತ್ತು.”

“ಶಿವ ಅವ್ನೆ, ಸುಮ್ಕಿರು.”

ಅಜ್ಜಿಯೇ ಸೀರೆ ಎತ್ತಿ ಸಿಕ್ಕಿಸಿಕೊಂಡು ಗೋಡೆಯ ಮೇಲೆ ಹತ್ತಿ ಕಟ್ಟಿದಳು. ಅಮ್ಮ ಮುಖ ದಪ್ಪ ಮಾಡಿಕೊಂಡು ಹಾಲು ಕರೆಯಲು ಹೋದಳು. ಕರು ಕುಡಿದು ಮಿಕ್ಕ ಆ ಮೊದಲ ಹಾಲು ಹಳದಿಯಾಗಿ, ಅಂಟಾಗಿತ್ತು. ಗಿಣ್ಣು ಎಂದರೆ ನನಗೆ ಪ್ರಾಣ. ಬೆಲ್ಲ ಕುಟ್ಟಿ, ಏಲಕ್ಕಿ ಹಾಕಿ, ಪಾತ್ರೆಯೊಳಗೆ ಪಾತ್ರೆ ಇಟ್ಟು ಅಮ್ಮ ಅದನ್ನು ಒಲೆಯ ಮೇಲೆ ಬೇಯಲು ಏರಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅಜ್ಜಿ ದೀಪ ಹಚ್ಚಿದಳು. ಕೊಟ್ಟಿಗೆಗೆ ಹೊಗೆ ಹಾಕಿ, ಕರುವನ್ನು ಒಳಗೆ ಕಟ್ಟಿ ಬರುತ್ತೇನೆಂದು ಅಮ್ಮ ಹಿತ್ತಿಲ ಬಾಗಿಲು ತೆಗೆದುಕೊಂಡು ಹೋದಳು. ಹೋಗುವಾಗ ನನಗೆ, ಮುಚ್ಚಳ ತೆಗೆಯಬೇಡ, ಆವಿ ಹೋದರೆ ಗಿಣ್ಣು ಒಡೆಯುತ್ತೆ ಎಂದಳು. ನಾನು ಒಲೆಯ ಮುಂದೆ ಕೂತು ಮುಚ್ಚಳವನ್ನೇ ನೋಡುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ಕಾಲು ಚಾಚಿಕೊಂಡು ಎಲೆ ಅಡಿಕೆ ಹಾಕುತ್ತಿದ್ದಳು.

“ಶಶೀ.”

ಅಮ್ಮನ ದನಿ. ಆದರೆ ಗೂಳೂರಿನ ದನಿ ಅಲ್ಲ. ಯಾರೋ ಅವಳ ದನಿಯನ್ನು ಕಡ ತಂದು ಸಣ್ಣದಾಗಿ ಉಪಯೋಗಿಸಿದಂತೆ ಇತ್ತು. ನಾನು ಎದ್ದು ನಿಂತೆ. ಅಜ್ಜಿ ನನ್ನ ಮುಂಗೈ ಹಿಡಿದುಕೊಂಡಳು.

“ಅಮ್ಮ ಕಣಜ್ಜಿ.”

“ಸುಮ್ಕಿರು. ಇನ್ನೊಂದ್ ಕಿತ ಬರ್ಲಿ.”

ಇನ್ನೊಂದು ಬರಲಿಲ್ಲ. ಒಲೆಯ ಮೇಲೆ ಮುಚ್ಚಳ ಟಕಟಕ ಎನ್ನುತ್ತಿತ್ತು. ಅಜ್ಜಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತ್ತು. ಅವಳ ಹಿಡಿತ ಬಿಗಿಯಾಗುತ್ತಿತ್ತು. ಬಳೆಗಳು ನನ್ನ ಕೈಗೆ ಒತ್ತುತ್ತಿದ್ದವು. ಅವಳು ನನ್ನನ್ನು ಹಿಡಿದಿದ್ದಳೋ, ತನ್ನ ಆಸರೆಗೆ ನನ್ನನ್ನು ಹಿಡಿದುಕೊಂಡಿದ್ದಳೋ ಈಗಲೂ ಹೇಳಲಾರೆ. ಹಾಗೆ ಎಷ್ಟು ಹೊತ್ತು ಕಳೆಯಿತೋ. ನಾನು ಕೈ ಕೊಸರಿಕೊಂಡು ಒರಳುಕಲ್ಲಿನ ಮೇಲೆ ಹತ್ತಿ, ಹೊಗೆ ಹೋಗುವ ಸಣ್ಣ ಕಿಟಕಿಗೆ ಮುಖ ಹಚ್ಚಿದೆ. ಅಲ್ಲಿಂದ ಕೊಟ್ಟಿಗೆಯ ಒಳಭಾಗ ನೇರ ಕಾಣುತ್ತಿತ್ತು.

ಅಮ್ಮ ಒಳಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು. ಅವಳ ಕಾಲಿನ ಹಿಂದೆ ಕರು. ಪಕ್ಕದಲ್ಲಿ ಕೆಂಪಿ ಹಗ್ಗ ಜಗ್ಗಿ ಕೊಂಬು ಬಗ್ಗಿಸಿತ್ತು. ಹೊಗೆಗೆಂದು ತಂದಿದ್ದ ಕೆಂಡದ ಚಟ್ಟಿ ನೆಲದ ಮೇಲೆ ಮಂಕಾಗಿ ಉರಿಯುತ್ತಿತ್ತು. ಕೊಟ್ಟಿಗೆಯ ಬಾಗಿಲಿನಲ್ಲಿ, ನಮ್ಮ ನಾಯಿ ಮಲಗುತ್ತಿದ್ದ ಜಾಗದಲ್ಲೇ, ಚಿರತೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಕೂತಿತ್ತು. ಅದರ ಹಲ್ಲು ನಾನು ಕಾಣಲಿಲ್ಲ, ಕಣ್ಣೂ ಕಾಣಲಿಲ್ಲ. ನನಗೆ ಕಂಡದ್ದು ಬೆನ್ನು ಮತ್ತು ಬಾಲ. ಮೈಯೆಲ್ಲ ಕಲ್ಲಿನಂತೆ ಇತ್ತು, ಬಾಲದ ತುದಿ ಮಾತ್ರ ಎದ್ದು ಬೀಳುತ್ತಿತ್ತು, ಯಾರೋ ಬೇಸರಕ್ಕೆ ಬೆರಳು ತಟ್ಟುತ್ತಾ ಕೂತಂತೆ. ಅಮ್ಮ ಕಣ್ಣು ಮಾತ್ರ ತಿರುಗಿಸಿ ಕಿಟಕಿ ನೋಡಿದಳು. ನನ್ನನ್ನು ನೋಡಿದಳು. ತುಟಿ ಅಲುಗಿತು. ದನಿ ಬರಲಿಲ್ಲ.

ನನಗೂ ಬರಲಿಲ್ಲ. ಹಿಂದಿನಿಂದ ಅಜ್ಜಿ, ಏನ್ ಕಾಣ್ತು ಮಗ, ಏನ್ ಕಾಣ್ತು ಎನ್ನುತ್ತಿದ್ದಳು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು ಅಷ್ಟೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಇಣುಕಿದಳು. ಆಮೇಲೆ ನಡೆದದ್ದನ್ನು ನೆನೆದಾಗೆಲ್ಲ ಒಂದು ಚಿತ್ರದ ಮೇಲೆ ಇನ್ನೊಂದು ಬಿದ್ದು ಕಲಸಿಹೋಗುತ್ತದೆ. ಅಜ್ಜಿ ದೇವರ ಗೂಡಿನಿಂದ ಜಾಗಟೆ ಎಳೆದುಕೊಂಡಳು. ಹಿತ್ತಿಲ ಬಾಗಿಲು ದಡಾರನೆ ಗೋಡೆಗೆ ಬಡಿಯಿತು. ದೀಪ ಹಚ್ಚಿದ ಮೇಲೆ ಒಂದೇ ಕೂಗಿಗೆ ಎಂದೂ ಬಾಯಿ ಬಿಡದಿದ್ದ ಆ ಹೆಂಗಸು ಹೊಸ್ತಿಲ ಮೇಲೆ ನಿಂತು ಜಾಗಟೆ ಬಡಿಯುತ್ತಾ ಅಮ್ಮನ ಹೆಸರು ಹಿಡಿದು ಕಿರುಚಿದಳು.

“ಓ... ಗೌರಾ, ಓ! ಓ ಅಂದೆ ಕಣೇ, ಓ!”

ಚಿರತೆ ಎದ್ದಿತು. ಓಡಲಿಲ್ಲ. ಒಮ್ಮೆ ಅಜ್ಜಿಯ ಕಡೆ, ಒಮ್ಮೆ ಅಮ್ಮನ ಕಡೆ ನೋಡಿ, ಬೇಡದ ಮನೆಗೆ ಬಂದ ನೆಂಟನಂತೆ ನಿಧಾನವಾಗಿ ಕಲ್ಲುಗೋಡೆ ಹತ್ತಿತು. ಗೋಣಿಮರದ ಕೊಂಬೆ ಜೋರಾಗಿ ಅಲ್ಲಾಡಿದ ಸದ್ದು ಬಂತು. ಬೆಳಿಗ್ಗೆ ನೋಡಿದಾಗ ಅಲ್ಲಿ ಮಾಸು ಇರಲಿಲ್ಲ, ಬರಿಯ ಹಗ್ಗದ ತುಂಡು ಇತ್ತು, ಗೋಡೆಯ ಮೇಲೆ ಹುಲ್ಲು ಚೆಲ್ಲಿತ್ತು.

ಯಾರ ಮೈಗೂ ಒಂದು ಗೀರೂ ಆಗಲಿಲ್ಲ. ಅದಕ್ಕೇ ಇದನ್ನು ಯಾರಿಗಾದರೂ ಹೇಳಲು ಹೋದರೆ ಕಥೆ ಅಲ್ಲಿಗೆ ಮುಗಿದಂತೆ ಎದುರಿನವರು ಉಸಿರು ಬಿಡುತ್ತಾರೆ. ನನಗೆ ಶುರುವಾಗುವುದು ಅಲ್ಲಿಂದ. ಅಮ್ಮ ತಕ್ಷಣ ಒಳಗೆ ಬರಲಿಲ್ಲ. ಕರುವನ್ನು ಕಟ್ಟಿದಳು, ಕೆಂಡಕ್ಕೆ ಹಸಿ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸಿದಳು, ಕೊಟ್ಟಿಗೆಯ ತಟ್ಟಿ ಎಳೆದು ಬಿಗಿದಳು. ಬಂದು ಕೈ ಕಾಲು ತೊಳೆದು ಗಿಣ್ಣಿನ ಪಾತ್ರೆ ಇಳಿಸಿದಳು. ತಳ ಹತ್ತಿತ್ತು. ಮೂರು ತಟ್ಟೆಗೆ ಹಾಕಿದಳು. ಅಜ್ಜಿ ತಟ್ಟೆ ಮುಟ್ಟದೆ ಕೂತಿದ್ದಳು.

“ಎರಡನೇ ಕಿತ ಯಾಕೆ ಕೂಗ್ಲಿಲ್ಲ ಗೌರಾ?”

ಅದರಲ್ಲಿ ಬೈಗುಳವಿರಲಿಲ್ಲ. ಅಜ್ಜಿ ನಿಜವಾಗಿ ಕೇಳುತ್ತಿದ್ದಳು. ಅಮ್ಮ ನನ್ನ ತಟ್ಟೆಯಲ್ಲಿ ಸೀದದ್ದನ್ನು ಬಿಡಿಸಿ ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದಳು.

“ಮೊದಲ್ನೇದುಕ್ಕೇ ಅದು ನನ್ ಕಡೆ ತಿರುಗ್ತು ಅತ್ತೆ.”

ಅಷ್ಟೇ. ನಾನು ಗಿಣ್ಣು ತಿಂದೆ. ಸಿಹಿಯಾಗಿಯೇ ಇತ್ತು. ಅಪ್ಪ ಬಂದಾಗ ನಾವು ಇನ್ನೂ ಅಡುಗೆಮನೆಯಲ್ಲೇ ಇದ್ದೆವು. ಅಂಗಳದಿಂದ ಅವನು ಕೂಗಿದ. ಎರಡು ಸಲವೂ ಕೂಗಿದ. ಅಜ್ಜಿ ಓ ಎನ್ನಲಿಲ್ಲ. ಅಮ್ಮ ಎದ್ದುಹೋಗಿ ಅಗುಳಿ ತೆಗೆದಳು. ಎಲ್ಲವನ್ನೂ ಕೇಳಿಸಿಕೊಂಡು ಅವನು ಕೊಟ್ಟಿಗೆಗೆ ಟಾರ್ಚು ಬಿಟ್ಟು ನೋಡಿ ಬಂದ. ಹೆದರಿದ್ದ, ಅದನ್ನು ತೋರಿಸಲಾರದೆ ಬೆಲ್ಟು ಬಿಚ್ಚುತ್ತಾ ಹೇಳಿದ.

“ಏನೂ ಆಗ್ಲಿಲ್ವಲ್ಲ. ಬುಡು ಅತ್ಲಾಗೆ.”

ಮಾರನೆಯ ಬೆಳಿಗ್ಗೆ ಅಮ್ಮ ನನ್ನ ಎರಡು ಲಂಗ, ತನ್ನ ಎರಡು ಸೀರೆ ಚೀಲಕ್ಕೆ ತುಂಬಿದಳು. ಗೂಳೂರಿಗೆ ಹೊರಡುವುದೆಂದು ನನಗೆ ಹೇಳದೆಯೇ ತಿಳಿಯಿತು. ಅಪ್ಪ ಅಂಗಳದಲ್ಲಿ ಸುಮ್ಮನೆ ನಿಂತಿದ್ದ. ಅಜ್ಜಿ ತಡೆಯಲಿಲ್ಲ. ಚೆಂಬು ಹಿಡಿದು ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ಕೆಂಪಿ ಹೆದರಿಕೆಯಿಂದ ಇನ್ನೂ ಬಿಗಿದುಕೊಂಡೇ ಇತ್ತು, ಒದೆಯಿತು. ಅಜ್ಜಿ ಬಿದ್ದಳು, ಎದ್ದಳು, ಮತ್ತೆ ಕೂತಳು, ಮತ್ತೆ ಒದೆಸಿಕೊಂಡಳು. ಅತ್ತ ಕರು ಹಸಿದು ಅರಚುತ್ತಿತ್ತು. ಅಮ್ಮ ಚೀಲವನ್ನು ಹೊಸ್ತಿಲ ಮೇಲೆ ಇಟ್ಟು ನೋಡುತ್ತಾ ನಿಂತಳು. ಆಮೇಲೆ ಹೋಗಿ ಅತ್ತೆಯ ಕೈಯಿಂದ ಚೆಂಬು ತೆಗೆದುಕೊಂಡಳು. ಆ ಹಸು ಅವಳಿಗಲ್ಲದೆ ಯಾರಿಗೂ ಹಾಲು ಬಿಡುತ್ತಿರಲಿಲ್ಲ. ಚೀಲ ದಿನವಿಡೀ ಹೊಸ್ತಿಲ ಮೇಲೆ ಇತ್ತು. ಸಂಜೆ ನಾನೇ ಅದನ್ನು ಬಿಚ್ಚಿ ಬಟ್ಟೆಗಳನ್ನು ಗೂಟಕ್ಕೆ ಹಾಕಿದೆ.

ಅಮ್ಮ ಉಳಿದಳು, ಆದರೆ ಕೂಗುವುದನ್ನು ಬಿಟ್ಟಳು. ಇದು ತಕ್ಷಣ ಯಾರ ಗಮನಕ್ಕೂ ಬರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಸೌಟಿನಿಂದ ಪಾತ್ರೆಯ ಅಂಚಿಗೆ ತಟ್ಟುತ್ತಿದ್ದಳು. ನಾನು ತೋಟದ ಆ ತುದಿಯಲ್ಲಿದ್ದರೆ ಅಲ್ಲಿಯವರೆಗೆ ನಡೆದು ಬಂದು ಭುಜ ಮುಟ್ಟುತ್ತಿದ್ದಳು. ಹಿತ್ತಿಲ ಗೋಡೆಯಾಚೆ ಕೌಜುಗ ಹಾರುವುದು ನಿಂತಿತು. ಅಜ್ಜಿಯೂ ತನ್ನ ಕಟ್ಟಳೆಯನ್ನು ಒಂದು ಮಾತೂ ಆಡದೆ ಕೈಬಿಟ್ಟಳು. ದೀಪ ಹಚ್ಚಿದ ಮೇಲೆ ಹೊರಗೆ ಇಲಿ ಓಡಾಡಿದರೂ ಓ ಎಂದು ಬಾಗಿಲಿಗೆ ಹೋಗುತ್ತಿದ್ದಳು. ಆದರೆ ಯಾರ ಕೂಗಿಗಾಗಿ ಅವಳು ಕಾಯುತ್ತಿದ್ದಳೋ ಆ ಕೂಗು ಬರಲಿಲ್ಲ. ಅವರಿಬ್ಬರೂ ಆಮೇಲೆ ಜಗಳವಾಡಿದ್ದು ನನಗೆ ನೆನಪಿಲ್ಲ. ಜಗಳವಿಲ್ಲದ ಮನೆ ಎಷ್ಟು ಭಾರವಾಗಿರುತ್ತದೆ ಎಂದು ನಾನು ಕಲಿತದ್ದು ಅಲ್ಲಿ.

ನಾನು ತುಮಕೂರಿನ ಕಾಲೇಜಿಗೆ ಸೇರಿ ಪ್ರಾಣಿಶಾಸ್ತ್ರ ಓದಿದೆ. ಬೇಟೆಯಾಡುವ ಪ್ರಾಣಿಗಳ ಹಲ್ಲಿನ ಸೂತ್ರವನ್ನು ಬರೆದುಕೊಳ್ಳುವಾಗ ಪುಸ್ತಕದಲ್ಲಿದ್ದ ಚಿತ್ರವನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದೆ. ಅಲುಗದೆ ನಿಂತದ್ದೇ ಅಮ್ಮನನ್ನು ಉಳಿಸಿದ್ದಿರಬಹುದು, ಎರಡನೆಯ ಕೂಗು ಕೊಲ್ಲಬಹುದಿತ್ತು ಎಂದು ಪುಸ್ತಕಗಳಿಂದ ತಿಳಿಯಿತು. ತಿಳಿದದ್ದರಿಂದ ಏನೂ ಕಡಿಮೆಯಾಗಲಿಲ್ಲ. ನಾನು ಮತ್ತೆ ಮತ್ತೆ ಕಾಣುವುದು ಚಿರತೆಯನ್ನಲ್ಲ, ಕಿಟಕಿಯ ಕಡೆ ತಿರುಗಿದ ಅಮ್ಮನ ಕಣ್ಣನ್ನು. ಒಳಗೆ ಜನರಿದ್ದಾರೆ, ಕೇಳಿಸಿಕೊಂಡಿದ್ದಾರೆ, ಬರುತ್ತಿಲ್ಲ ಎಂದು ಆ ಕಣ್ಣಿಗೆ ಗೊತ್ತಾದ ಗಳಿಗೆಯನ್ನು. ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಏನಾದರೂ ಬೇಯಿಸುವಾಗ ಅದು ಟಕಟಕ ಎಂದರೆ ಇಂದಿಗೂ ನನ್ನ ಮುಂಗೈಯಲ್ಲಿ ಬಳೆಗಳು ಒತ್ತುತ್ತವೆ. ಗುಬ್ಬಿ ಕಡೆಯ ನೆಂಟರು ಫೋನಿಗೆ ಚಿರತೆಯ ವಿಡಿಯೋ ಕಳಿಸಿದರೆ ತೆರೆಯದೆ ಅಳಿಸುತ್ತೇನೆ. ನನ್ನ ಮಗಳು ಕರೆದಾಗ ಅವಳ ಬಾಯಿಂದ ಪದ ಪೂರ್ತಿ ಹೊರಡುವ ಮುಂಚೆ ಓ ಎಂದಿರುತ್ತೇನೆ. “ಅ ಅಂದ್ರೇ ಓ ಅಂತೀಯಲ್ಲಮ್ಮ, ನಾನ್ ಆಕಳ್ಸಿದ್ದು ಕಣಮ್ಮ,” ಎಂದು ಅವಳು ನಗುತ್ತಾಳೆ.

ಅಜ್ಜಿ ಕೊನೆಗಾಲದಲ್ಲಿ ನಡುಮನೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಳು. ಅಮ್ಮ ಅವಳನ್ನು ಚೆನ್ನಾಗಿ ನೋಡಿಕೊಂಡಳು. ಅಜ್ಜಿ ಕರೆಯುವ ಮೊದಲೇ ನೀರು ಹಿಡಿದು ಬಂದಿರುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು, ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಳು. ರಜೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ನಾನು ಹೊಸ್ತಿಲ ಮೇಲೆ, ನನ್ನ ಹಳೆಯ ಜಾಗದಲ್ಲಿ, ಕೂತಿದ್ದೆ. ಅಜ್ಜಿ ಅಮ್ಮನ ಸೆರಗು ಹಿಡಿದುಕೊಂಡಳು.

“ಗೌರಾ, ಒಂದ್ ಕಿತ ನನ್ನ ಕೂಗು ಕಣೇ. ಆಚೆಗ್ ಹೋಗಿ ಕೂಗು. ಓ ಅಂತೀನಿ.”

ಅಮ್ಮ ಸೆರಗು ಬಿಡಿಸಿಕೊಳ್ಳಲಿಲ್ಲ. ಅತ್ತೆಯ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು, ಮಗುವಿಗೆ ಹೇಳುವಂತೆ ಹೇಳಿದಳು.

“ಇಲ್ಲೇ ಇದೀನಲ್ಲತ್ತೆ. ಕೂಗೋದ್ಯಾಕೆ?”

ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದಳು. ಕೆಲವು ದಿನಗಳಲ್ಲಿ ಹೋದಳು. ನಾನು ಅಮ್ಮನ ಆ ಮಾತನ್ನು ಕ್ರೌರ್ಯ ಎಂದು ಬಹಳ ವರ್ಷ ಎಣಿಸಿದ್ದೆ. ಈಗ ಹಾಗೆನಿಸುವುದಿಲ್ಲ. ಕೂಗುವುದು ಅಮ್ಮನಿಂದ ಆಗುತ್ತಿರಲಿಲ್ಲ, ಅಷ್ಟೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ತುಮಕೂರಿನ ನಮ್ಮ ಮನೆಗೆ ಬಂದಳು. ಇಲ್ಲಿ ಗೋಡೆಗೆ ಗೋಡೆ ಅಂಟಿದೆ. ಪಕ್ಕದ ಮನೆಯ ಒಗ್ಗರಣೆಗೆ ನಾವು ಸೀನುತ್ತೇವೆ. ಅವಳ ದನಿ ಮರಳಬಹುದು ಎಂದುಕೊಂಡಿದ್ದೆ. ಮರಳಲಿಲ್ಲ. ಬೇಕಾದದ್ದಕ್ಕೆ ಬಂದು ಭುಜ ಮುಟ್ಟುತ್ತಾಳೆ. ಮೊನ್ನೆ ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿದ್ದಳು. ನಾನು ದೇವರಿಗೆ ದೀಪ ಹಚ್ಚಿ ಅಡುಗೆಮನೆಗೆ ತಿರುಗಿದ್ದೆ.

“ಶಶೀ.”

ಒಂದೇ ಸಲ. ಗೂಳೂರಿನ ದನಿ. ನಾನು ಓ ಎಂದೆನೋ ಕಿರುಚಿದೆನೋ ತಿಳಿಯದು. ಒಲೆ ಆರಿಸಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ, ಮೆಟ್ಟಿಲ ತಿರುವಿನಲ್ಲಿ ಮೊಣಕಾಲು ಗೋಡೆಗೆ ಬಡಿಯಿತು. ತಾರಸಿಯ ಮೇಲೆ ಅಮ್ಮ ನೀರಿನ ಟ್ಯಾಂಕಿಗೆ ಬೆನ್ನು ಒತ್ತಿ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಬಾಗಿಲನ್ನೇ ನೋಡುತ್ತಾ ನಿಂತಿದ್ದಳು. ಸುತ್ತ ಬೇರೇನೂ ಇರಲಿಲ್ಲ.

“ಏನಮ್ಮ? ಏನಾಯ್ತು?”

ಅವಳು ನನ್ನ ಏದುಸಿರನ್ನು, ಬರಿಗಾಲನ್ನು ಬಹಳ ಹೊತ್ತು ನೋಡಿದಳು.

“ಏನಿಲ್ಲ ಕಣೇ,” ಎಂದಳು. “ಸುಮ್ನೆ ಒಂದ್ಸಲ ಕೂಗ್ ನೋಡ್ದೆ.”